ತಂಗಿಯ ಬಗ್ಗೆ ಬ್ಯಾಂಕಿನವರು ಕೇಳಿದ್ದು

ಮೋಹಿನಿ ಮಳವಳ್ಳಿಯ ಸರ್ಕಾರಿ ಆಸ್ಪತ್ರೆಗೆ ನರ್ಸಾಗಿ ಸೇರಿ ಹದಿನೇಳು ವರ್ಷವಾಗಿತ್ತು. ಅವಳ ತಂಗಿ ಅರ್ಪಿತ ಮದ್ದೂರಿನಲ್ಲಿ ಪೊಲೀಸ್ ಕಾನ್‌ಸ್ಟೇಬಲ್, ಕೆಲಸಕ್ಕೆ ಸೇರಿ ಆರು ವರ್ಷ. ಅಕ್ಕತಂಗಿಯರ ನಡುವೆ ಹನ್ನೊಂದು ವರ್ಷದ ಅಂತರ. ಅಪ್ಪ ಕೆಂಪಸಿದ್ದಯ್ಯ ತೀರಿಕೊಂಡಾಗ ಅರ್ಪಿತ ಏಳನೇ ಕ್ಲಾಸಿನಲ್ಲಿದ್ದಳು. ಎರಡು ವರ್ಷದ ಮೇಲೆ ಮೋಹಿನಿಗೆ ಕೆಲಸ ಸಿಕ್ಕಿತು. ಅಲ್ಲಿಂದಾಚೆಗೆ ತಂಗಿಯ ಕಾಲೇಜು ಫೀಸು, ಮೈಸೂರಿನಲ್ಲಿ ಪೊಲೀಸ್ ಪರೀಕ್ಷೆಗೆ ಕೋಚಿಂಗು, ಓಟದ ಪರೀಕ್ಷೆಗೆ ಬೇಕಾದ ಬೂಟು, ಎಲ್ಲವೂ ಅಕ್ಕನ ಸಂಬಳದಿಂದಲೇ ಬಂದವು.

ಮೋಹಿನಿ ಇದನ್ನು ಯಾವತ್ತೂ ಆಡಿ ತೋರಿಸಿದವಳಲ್ಲ. ಹಾಗೆ ಮಾಡುವ ಅಗತ್ಯವೂ ಬಿದ್ದಿರಲಿಲ್ಲ. ಊರಿನಲ್ಲಿ ಅವರ ಬೀದಿಗೆ ಮೊದಲ ಸರ್ಕಾರಿ ಕೆಲಸ ತಂದವಳು ಅವಳು. ಯಾರಿಗೆ ಜ್ವರ ಬಂದರೂ ಅವಳಿಗೇ ಫೋನು. ಅವ್ವ ದೇವಿರಮ್ಮ ನಾಲ್ಕು ಜನ ಸೇರಿದ ಕಡೆ "ನಮ್ಮ ಮೋಹಿನಿ" ಎಂದೇ ಮಾತು ತೆಗೆಯುತ್ತಿದ್ದಳು.

ಇಲ್ಲದೆ ಇದ್ದದ್ದು ಒಂದು ಸ್ವಂತ ಮನೆ. ಮದುವೆಯಾಗಿ ಹದಿನಾಲ್ಕು ವರ್ಷದಲ್ಲಿ ಐದು ಬಾಡಿಗೆ ಮನೆ ಬದಲಾಗಿದ್ದವು. ಈಗಿನ ಮನೆಯ ಓನರ್ ಪಂಕಜಮ್ಮ ಗೋಡೆಗೆ ಮೊಳೆ ಹೊಡೆಯಲು ಬಿಡುತ್ತಿರಲಿಲ್ಲ. ಕ್ಯಾಲೆಂಡರು ಕಿಟಕಿಯ ಸರಳಿಗೆ ನೇತಾಡುತ್ತಿತ್ತು.

ಆ ವರ್ಷ ಯುಗಾದಿ ಕಳೆದ ಮೇಲೆ ಅರ್ಪಿತ ಫೋನು ಮಾಡಿದಳು. "ಅಕ್ಕ, ಗೆಜ್ಜಲಗೆರೆ ತಾವ ನೌಕರರ ಸಂಘದೋರು ನಲವತ್ತು ಮನೆ ಕಟ್ಸವ್ರಂತೆ. ಪೊಲೀಸು, ಆಸ್ಪತ್ರೆ, ಇಸ್ಕೂಲು ಕೆಲ್ಸದೋರಿಗೆ ಮಾತ್ರ. ಬ್ಯಾಂಕಲ್ಲಿ ಬಡ್ಡಿ ಕಮ್ಮಿ, ಫೀಸಿಲ್ಲ, ಮುಂಗಡದಲ್ಲೂ ಅರ್ಧ ಸಂಘದೋರೇ ಆಕ್ತಾರಂತೆ. ಇಬ್ರೂ ಅರ್ಜಿ ಆಕನ ಕಣಕ್ಕ. ಅಕ್ಕಪಕ್ಕದ ಮನೇನೇ ಕೇಳನ."

ಭಾನುವಾರ ಮಂಡ್ಯದ ಒಂದು ಕಲ್ಯಾಣ ಮಂಟಪದಲ್ಲಿ ಬ್ಯಾಂಕಿನವರು ಸಾಲದ ಮೇಳ ಇಟ್ಟಿದ್ದರು. ಮೋಹಿನಿ ಮದ್ದೂರಿನಲ್ಲಿ ಇಳಿದು ತಂಗಿಯನ್ನು ಜೊತೆ ಮಾಡಿಕೊಂಡು ಬೇರೆ ಬಸ್ಸು ಹತ್ತಿದಳು. ದಾರಿಯುದ್ದಕ್ಕೂ ಅಡುಗೆ ಮನೆಗೆ ಯಾವ ಬಣ್ಣದ ಕಲ್ಲು, ಹಿತ್ತಲಿನಲ್ಲಿ ಕರಿಬೇವು ಎಲ್ಲಿ ಎಂಬುದೇ ಮಾತು.

ಬ್ಯಾಂಕಿನ ಹುಡುಗನ ಹೆಸರು ಅಭಿನವ್. ಮೊದಲು ಅರ್ಪಿತಳ ಪ್ಯಾನ್ ನಂಬರು ಒತ್ತಿ ನೋಡಿ ನಕ್ಕ. "ಏಳುನೂರ ಎಂಬತ್ತಾರು ಮೇಡಂ. ಸಿಬಿಲ್ ಸ್ಕೋರು ಚೆನ್ನಾಗಿದೆ. ಏಳುನೂರು ದಾಟಿದ್ರೆ ಸಾಕಿತ್ತು." ಆಮೇಲೆ ಮೋಹಿನಿಯದನ್ನು ಒತ್ತಿದ. ನಗಲಿಲ್ಲ. ಪರದೆಯನ್ನು ತುಸು ತನ್ನ ಕಡೆಗೆ ತಿರುಗಿಸಿಕೊಂಡ.

"ಎಷ್ಟು?" ಎಂದಳು ಮೋಹಿನಿ.

"ಆರುನೂರ ಹದಿನೆಂಟು ಮೇಡಂ."

"ಏನೋ ತಪ್ಪಾಗಿದೆ ನೋಡಿ. ನಂದು ಹದಿನೇಳು ವರ್ಷ ಸರ್ವಿಸು. ಇವಳಿಗಿಂತ ನನ್ನ ಸಂಬಳ ಜಾಸ್ತಿ."

"ಇದು ಸಂಬಳ ನೋಡಲ್ಲ ಮೇಡಂ, ಸರ್ವಿಸೂ ನೋಡಲ್ಲ. ಮುಂಚೆ ತಗೊಂಡ ಸಾಲಾನ ಟೈಮಿಗೆ ಸರಿಯಾಗಿ ಕಟ್ಟಿದ್ದೀರಾ ಅನ್ನೋದನ್ನ ಮಾತ್ರ ನೋಡುತ್ತೆ."

"ನಾನು ಯಾರ ದುಡ್ಡನ್ನೂ ಉಳಿಸ್ಕೊಂಡೋಳಲ್ಲ."

ಅಭಿನವ್ ಹಾಳೆ ತೆಗೆದು ತೋರಿಸಿದ. ಆರು ವರ್ಷದ ಹಿಂದೆ ಗಂಡನ ತಮ್ಮ ಸಿದ್ದರಾಜು ಗೂಡ್ಸ್ ಆಟೊ ತೆಗೆಯುವಾಗ ಮೋಹಿನಿ ಜಾಮೀನು ಹಾಕಿದ್ದಳು. ಡ್ಯೂಟಿಯ ನಡುವೆ ಆಸ್ಪತ್ರೆಯ ಮೆಟ್ಟಿಲ ಮೇಲೆ ನಿಂತು ಮಾಡಿದ ಸಹಿ. ಸಿದ್ದರಾಜು ಒಂಬತ್ತು ತಿಂಗಳ ಕಂತು ತಡ ಮಾಡಿದ್ದ. ಅಷ್ಟೂ ಅವಳ ಹೆಸರಿನಲ್ಲಿ ಬಂದು ಕೂತಿತ್ತು. ಅದರ ಜೊತೆಗೆ ಕ್ರೆಡಿಟ್ ಕಾರ್ಡಿನಲ್ಲಿ ಪ್ರತಿ ತಿಂಗಳೂ ಕನಿಷ್ಠ ಮೊತ್ತವಷ್ಟನ್ನೇ ಕಟ್ಟಿ ಉಳಿದದ್ದನ್ನು ಮುಂದಕ್ಕೆ ತಳ್ಳಿದ್ದು ಬೇರೆ.

"ಜಾಮೀನು ಅಂದ್ರೆ ನೀವೇ ಸಾಲ ತಗೊಂಡ ಹಾಗೇನೆ ಮೇಡಂ. ಬಾಕಿ ತೀರಿಸಿ, ಒಂದು ವರ್ಷ ಎಲ್ಲಾನೂ ಸರಿಯಾಗಿ ಕಟ್ಟಿ. ಸ್ಕೋರು ತಾನಾಗೇ ಮೇಲೆ ಬರುತ್ತೆ."

"ಒಂದು ವರ್ಷದವರೆಗೆ ಮನೆ ಉಳಿದಿರುತ್ತಾ?"

ಅಭಿನವ್ ಹಾಳೆಯನ್ನು ಮಡಚಿ ಅವಳ ಕೈಗೆ ಕೊಟ್ಟ. ಪಕ್ಕದಲ್ಲಿದ್ದ ಅರ್ಪಿತ ಅಕ್ಕನ ಕೈ ಹಿಡಿದು, "ನಂದೂ ಈಗ ಬ್ಯಾಡ ಬುಡಕ್ಕ. ಇಬ್ರೂ ಸೇರಿ ಬರೋ ವರ್ಸ ನೋಡನ," ಎಂದಳು.

"ನಿಂಗೇನಾಗದೆ? ಅರ್ಜಿ ಆಕು," ಎಂದಳು ಮೋಹಿನಿ. ತಂಗಿ ಆ ಮಾತನ್ನು ಮನಸ್ಸಿನಿಂದ ಹೇಳಿದ್ದಳು. ಮೋಹಿನಿಗೆ ತಡೆಯಲಾಗದೆ ಹೋದದ್ದು ಅದೇ. ಕನಿಕರ ಯಾವಾಗಲೂ ದೊಡ್ಡವಳಿಂದ ಚಿಕ್ಕವಳಿಗೆ ಹೋಗುತ್ತಿತ್ತು. ಈಗ ದಿಕ್ಕು ತಿರುಗಿತ್ತು.

ಮನೆಗೆ ಬಂದು ಗಂಡನ ಮುಂದೆ ಹಾಳೆಯನ್ನು ಎಸೆದಳು. ರಾಜೇಂದ್ರ ಜೆರಾಕ್ಸ್ ಅಂಗಡಿ ಇಟ್ಟುಕೊಂಡಿದ್ದ ಮೆತ್ತಗಿನ ಮನುಷ್ಯ. "ನನ್ ತಮ್ಮ ತಾನೆ, ನಾನೇ ಕಟ್ಟಿಸ್ತೀನಿ ಬುಡು," ಎಂದ. ಅಷ್ಟಕ್ಕೇ ಮಾತು ಮುಗಿಯಿತು.

ಆಮೇಲಿನ ದಿನಗಳಲ್ಲಿ ಅರ್ಪಿತ ಮನೆಯ ಫೋಟೊಗಳನ್ನು ಕಳಿಸತೊಡಗಿದಳು. ಅವಳಿಗೆ ಬಂದದ್ದು ಹನ್ನೆರಡನೇ ನಂಬರು, ಮೂಲೆ ಮನೆ, ಪೂರ್ವದ ಬಾಗಿಲು. ಮೋಹಿನಿ ವಾರ್ಡಿನಲ್ಲಿ ಕೂತು ಆ ಚಿತ್ರಗಳನ್ನು ಬೆರಳಿನಿಂದ ಹಿಗ್ಗಿಸಿ ನೋಡುತ್ತಿದ್ದಳು. ಗೋಡೆಯಲ್ಲಿ ಬಿರುಕೇನಾದರೂ ಇದೆಯೇ ಎಂದು ಹುಡುಕುತ್ತಿದ್ದಳು. ಒಂದು ಕಡೆ ಗೆರೆಯಂಥದ್ದು ಕಂಡಾಗ ಹಿತವೆನಿಸಿತು. ಮಾರನೆಯ ದಿನದ ಫೋಟೊದಲ್ಲಿ ನೋಡಿದರೆ ಅದು ವೈರಿನ ನೆರಳಾಗಿತ್ತು.

ಊರಿಗೆ ಹೋದರೆ ಅವ್ವನ ಬಾಯಲ್ಲೂ ಅದೇ. "ನಮ್ಮ ಅರ್ಪಿತ ಮನೆ ತಕ್ಕತಾವ್ಳೆ ಕಣವ್ವ, ಸಾಲಾನೂ ಅವಳ ಎಸ್ರಲ್ಲೇ ಕೊಡ್ತಾವ್ರೆ," ಎಂದು ಪಕ್ಕದ ಮನೆಯ ಚಿಕ್ಕಮಾದಮ್ಮನಿಗೆ ಹೇಳುತ್ತಿದ್ದಳು. ಒಳಗೆ ಸೊಪ್ಪು ಬಿಡಿಸುತ್ತಿದ್ದ ಮೋಹಿನಿಗೆ ಕೇಳಿಸಿತು. ಕೋಚಿಂಗಿಗೆ ದುಡ್ಡು ಕೊಟ್ಟವಳು ನಾನು, ಬೂಟು ತಂದವಳು ನಾನು ಎಂದು ಮನಸ್ಸು ಒಂದೊಂದಾಗಿ ಎಣಿಸತೊಡಗಿತು. ಇಷ್ಟು ವರ್ಷ ಎಣಿಸದೇ ಇದ್ದದ್ದನ್ನು ಈಗ ಎಣಿಸುತ್ತಿದ್ದೇನೆ ಎಂದು ಅವಳಿಗೇ ಗೊತ್ತಾಯಿತು. ಆದರೂ ನಿಲ್ಲಿಸಲಾಗಲಿಲ್ಲ.

ಮೇ ತಿಂಗಳ ಒಂದು ಮಧ್ಯಾಹ್ನ, ಮಕ್ಕಳಿಗೆ ಚುಚ್ಚುಮದ್ದು ಹಾಕಿ ಮುಗಿಸಿ ಕೈ ತೊಳೆಯುತ್ತಿದ್ದಾಗ ಫೋನು ಬಂತು.

"ಮೋಹಿನಿ ಮೇಡಮ್ಮಾ? ಬ್ಯಾಂಕಿನ ವೆರಿಫಿಕೇಶನ್ ಕಡೆಯಿಂದ. ಅರ್ಪಿತ ಅವರು ಪರಿಚಯದವರು ಅಂತ ನಿಮ್ಮ ನಂಬರು ಕೊಟ್ಟಿದ್ದಾರೆ. ಎರಡೇ ನಿಮಿಷ."

ಎಷ್ಟು ವರ್ಷದಿಂದ ಗೊತ್ತು, ಎಲ್ಲಿ ವಾಸ, ಬೇರೆ ಸಾಲವಿದೆಯೇ ಎಂದು ಅವನು ಕೇಳಿದ. ಮೋಹಿನಿ ಎಲ್ಲಕ್ಕೂ ಸರಿಯಾಗಿಯೇ ಹೇಳಿದಳು. ಕೊನೆಗೆ ಅವನು, "ಕೆಲಸದಲ್ಲಿ ಏನೂ ತೊಂದರೆ ಇಲ್ಲ ತಾನೆ ಮೇಡಂ?" ಎಂದ. ಫೋನು ಇಡುವ ಮುಂಚೆ ಕೇಳುವ ಮಾತು. ಇಲ್ಲ ಎಂದರೆ ಮುಗಿಯುತ್ತಿತ್ತು.

ಹಿಂದಿನ ವರ್ಷ ಬಂದೋಬಸ್ತಿಗೆ ತಡವಾಗಿ ಹೋದಳೆಂದು ಅರ್ಪಿತಳಿಗೆ ಒಂದು ನೋಟಿಸು ಬಂದಿತ್ತು. ಉತ್ತರ ಕೊಟ್ಟ ಮೇಲೆ ವಾರದಲ್ಲೇ ಮುಚ್ಚಿಹೋಗಿತ್ತು. ಅದು ಮುಚ್ಚಿದ್ದು ಮೋಹಿನಿಗೆ ಚೆನ್ನಾಗಿ ಗೊತ್ತಿತ್ತು.

"ಏನೋ ಎನ್‌ಕ್ವೈರಿ ಅಂತ ಇತ್ತು ಸಾರ್," ಎಂದಳು. "ಮುಗೀತೋ ಇಲ್ವೋ ನಂಗೆ ಸರಿಯಾಗಿ ಗೊತ್ತಿಲ್ಲ."

ಆ ಕಡೆ ಅವನು ಬರೆದುಕೊಂಡ. "ಸರಿ ಮೇಡಂ, ಥ್ಯಾಂಕ್ಸ್."

ಮೋಹಿನಿ ಮತ್ತೊಮ್ಮೆ ಸೋಪು ಹಚ್ಚಿ ಕೈ ತೊಳೆದಳು. ನಾನು ಸುಳ್ಳು ಹೇಳಲಿಲ್ಲವಲ್ಲ ಎಂದುಕೊಂಡಳು. ಆ ಸಂಜೆ ಬಹಳ ದಿನಗಳ ಮೇಲೆ ಅವಳಿಗೆ ಹೊಟ್ಟೆ ತುಂಬ ಊಟ ಸೇರಿತು.

ಹತ್ತು ದಿನದಲ್ಲಿ ಅರ್ಪಿತಳ ಸಾಲ ನಿಂತುಹೋಯಿತು. ಯಾವ ವಿಚಾರಣೆಯೂ ಬಾಕಿ ಇಲ್ಲವೆಂದು ಇಲಾಖೆಯಿಂದ ಪತ್ರ ತರಬೇಕೆಂದು ಬ್ಯಾಂಕಿನವರು ಕೇಳಿದರು. ಅರ್ಜಿ ಒಂದು ಟೇಬಲಿನಿಂದ ಇನ್ನೊಂದಕ್ಕೆ ಹೋಗುವಷ್ಟರಲ್ಲಿ ಐದು ವಾರ ಕಳೆಯಿತು. ಅಷ್ಟರಲ್ಲಿ ಸಂಘದ ಗಡುವು ಮುಗಿದು ಮೂಲೆ ಮನೆ ಪಟ್ಟಿಯಲ್ಲಿ ಅವಳ ನಂತರದ ಹೆಸರಿನ ಯಾರೋ ಮೇಷ್ಟ್ರ ಪಾಲಾಯಿತು.

ಸುದ್ದಿ ಕೇಳಿ ಮೋಹಿನಿ ಮದ್ದೂರಿಗೆ ಹೋದಳು. ಅರ್ಪಿತ ಯೂನಿಫಾರಂ ಕೂಡ ಬದಲಿಸದೆ ಮಂಚದ ಮೇಲೆ ಕೂತಿದ್ದಳು. ಅತ್ತು ಕಣ್ಣು ಕೆಂಪಾಗಿದ್ದವು.

"ಯಾರೋ ಏಳವ್ರೆ ಕಣಕ್ಕ. ಬ್ಯಾಂಕಿಗೆ ಎನ್‌ಕ್ವೈರಿ ವಿಸ್ಯ ಎಂಗೆ ಗೊತ್ತಾಯ್ತದೆ? ನಂಗೊತ್ತು, ಪ್ರಿಯಾಂಕಾನೇ. ನಂಗೆ ಮನೆ ಬಂತು ಅಂದಾಗ ಅವಳ ಮುಖ ನೋಡಬೇಕಿತ್ತು. ಅವಳ ನಂಬರೂ ಕೊಟ್ಟಿದ್ದೆ ನಾನು."

ಪ್ರಿಯಾಂಕ ಅದೇ ಠಾಣೆಯ ಕಾನ್‌ಸ್ಟೇಬಲ್. ಇಬ್ಬರೂ ಒಂದೇ ಬ್ಯಾಚು, ಒಂದೇ ರೂಮು ಹಂಚಿಕೊಂಡವರು. ಮೂರು ದಿನದ ಹಿಂದೆ ಅರ್ಪಿತ ಎಲ್ಲರ ಎದುರಿಗೆ ಅವಳನ್ನು ಹೊಟ್ಟೆಕಿಚ್ಚಿನವಳು ಎಂದು ಬೈದಿದ್ದಳು. ಪ್ರಿಯಾಂಕ ರೂಮು ಬಿಟ್ಟು ಹೋಗಿದ್ದಳು.

"ಅವಳು ಏನಂದ್ಲು?" ಎಂದಳು ಮೋಹಿನಿ.

"ಏನೂ ಅನ್ನಲಿಲ್ಲ. ಅವರಪ್ಪ ಬಂದು ಗಂಟುಮೂಟೆ ತಕ್ಕಂಡು ಓದ್ರು. ಅಳ್ತಿದ್ಲು. ನಾಟಕ."

ಮೋಹಿನಿ ಟೀ ಮಾಡಿಕೊಟ್ಟು ಬಸ್ ನಿಲ್ದಾಣಕ್ಕೆ ಬಂದಳು. ಮಳವಳ್ಳಿಯ ಬಸ್ಸು ನಿಂತಿತ್ತು. ಹತ್ತಿ ಕೂತಳು. ತಂಗಿಗೆ ಮನೆ ತಪ್ಪಿದ್ದಕ್ಕಿಂತ, ಮುಖವನ್ನೂ ಸರಿಯಾಗಿ ನೋಡಿರದ ಆ ಹುಡುಗಿ ಅಪ್ಪನ ಹಿಂದೆ ಗಂಟು ಹೊತ್ತು ಹೋದದ್ದೇ ಕಣ್ಣ ಮುಂದೆ ಬಂತು. ಹೊಟ್ಟೆಕಿಚ್ಚಿನವಳು ಎಂಬ ಹೆಸರು ತನಗೆ ಬರಬೇಕಾದದ್ದು. ಕಂಡಕ್ಟರ್ ಸೀಟಿ ಊದುವಷ್ಟರಲ್ಲಿ ಇಳಿದು ವಾಪಸ್ ನಡೆದಳು.

ಬಾಗಿಲಲ್ಲೇ ನಿಂತು ಹೇಳಿದಳು. "ಪ್ರಿಯಾಂಕ ಅಲ್ಲ ಕಣೆ. ನಾನು."

"ಏನು ನೀನು?"

"ಬ್ಯಾಂಕಿನೋನು ನಂಗೂ ಫೋನ್ ಮಾಡಿದ್ದ. ಎನ್‌ಕ್ವೈರಿ ಐತೆ ಅಂತ ನಾನೇ ಅಂದೆ."

ಅರ್ಪಿತ ನಕ್ಕಳು. ಅಕ್ಕ ಯಾರನ್ನೋ ಉಳಿಸಲು ಹೀಗೆ ಹೇಳುತ್ತಿದ್ದಾಳೆಂದು ಅವಳು ತಿಳಿದಿದ್ದಳು. ಮೋಹಿನಿಯ ಮುಖ ನೋಡಿದ ಮೇಲೆ ನಗು ನಿಂತಿತು.

"ಮುಗ್ದೋಗಿತ್ತು ಅಂತ ನಿಂಗೆ ಗೊತ್ತಿತ್ತು."

"ಗೊತ್ತಿತ್ತು."

"ಮತ್ತೆ ಯಾಕೆ?"

"ನಿಂಗೆ ಸಿಕ್ತು, ನಂಗೆ ಸಿಗಲಿಲ್ಲ. ಅದಕ್ಕೆ." ಬೇರೆ ಕಾರಣ ಹೇಳೋಣವೆಂದು ದಾರಿಯಲ್ಲಿ ಬಹಳ ಹುಡುಕಿದ್ದಳು. ಯಾವುದೂ ನಿಲ್ಲಲಿಲ್ಲ.

ಅರ್ಪಿತ ಬಯ್ಯಲಿಲ್ಲ, ಕೂಗಾಡಲಿಲ್ಲ. ಎದ್ದು ನೀರು ಕುಡಿದಳು. ಲೋಟ ಇಟ್ಟು, "ಪ್ರಿಯಾಂಕಂಗೆ ನೀನೇ ಏಳು. ಬ್ಯಾಂಕಿಗೂ ಓಗಿ ಬರ್ಕೊಡು. ಆಮೇಲೆ ನಂಗೆ ಫೋನ್ ಮಾಡಬೇಡ," ಎಂದು ಒಳಗೆ ಹೋದಳು.

ಪ್ರಿಯಾಂಕಳ ಊರು ಶಿವಪುರದ ಹತ್ತಿರ. ಮೋಹಿನಿ ಅಲ್ಲಿಗೇ ಹೋಗಿ, ಜಗಲಿಯ ಮೇಲೆ ಕೂತಿದ್ದ ಅವಳ ಅಪ್ಪ ಮರಿಸಿದ್ದಯ್ಯನ ಎದುರೇ ಎಲ್ಲ ಹೇಳಿದಳು. ಆತ ಎಲೆಅಡಿಕೆ ಉಗಿದು, "ಒಡಹುಟ್ಟಿದೋಳ್ಗೇ ಇಂಗೆ ಮಾಡೀರೇನಮ್ಮ?" ಎಂದ. ಪ್ರಿಯಾಂಕ ಮಾತ್ರ, "ಠಾಣೇಲಿ ಎಲ್ಲರ ಮುಂದೆ ಬೈದ್ಲು ಮೇಡಂ. ಅದನ್ನ ಯಾರು ವಾಪಸ್ ತಕ್ಕತಾರೆ?" ಎಂದಳು.

ಮಂಡ್ಯದ ಬ್ಯಾಂಕಿನಲ್ಲಿ ಅಭಿನವ್ ಅವಳ ಹೇಳಿಕೆಯನ್ನು ಓದಿ ಫೈಲಿಗೆ ಸೇರಿಸಿದ. ಇಲಾಖೆಯ ಪತ್ರ ಬಂದಾಗಿದೆ, ಅರ್ಪಿತ ಅವರ ಸ್ಕೋರಿಗೆ ಇದರಿಂದ ಏನೂ ಆಗಿಲ್ಲ, ಬೇರೆ ಮನೆ ಖಾಲಿಯಾದರೆ ಅದೇ ಅರ್ಜಿ ನಡೆಯುತ್ತದೆ ಎಂದ. ಅವಳು ಎದ್ದು ಹೊರಟಾಗ ತಡೆದು, "ನಿಮ್ಮ ಜಾಮೀನಿನ ಸಾಲ ತೀರಿತಾ ಮೇಡಂ?" ಎಂದ.

"ಇಲ್ಲ."

"ತೀರಿಸಿ. ಸೆಟಲ್‌ಮೆಂಟು ಅಂತ ಅರ್ಧಕ್ಕೆ ಮುಗಿಸಬೇಡಿ, ಅದೂ ಕಪ್ಪು ಚುಕ್ಕೇನೇ. ಪೂರ್ತಿ ಕಟ್ಟಿ, ಬಾಕಿ ಇಲ್ಲ ಅಂತ ಪತ್ರ ತಗೊಳ್ಳಿ."

ಆ ವಾರ ಅವಳು ಸಿದ್ದರಾಜುವನ್ನು ಗಂಡನ ಅಂಗಡಿಗೆ ಕರೆಸಿದಳು. ಬಾಕಿಗೆ ಆಟೊ ಮಾರಬೇಕು, ಇಲ್ಲವೇ ಅದರ ತಿಂಗಳ ಬಾಡಿಗೆ ತನ್ನ ಕೈಗೆ ಕೊಡಬೇಕು ಎಂದಳು. ಸಿದ್ದರಾಜು ಅಣ್ಣನ ಮುಖ ನೋಡಿದ. ರಾಜೇಂದ್ರ ಜೆರಾಕ್ಸ್ ಮೆಷಿನ್ನಿನ ಮುಚ್ಚಳ ಎತ್ತಿ ಒರೆಸುತ್ತ, "ಅತ್ತಿಗೆ ಏಳಿದಂಗೆ ಮಾಡ್ಲಾ," ಎಂದ. ಇದನ್ನು ಆರು ವರ್ಷ ಮೊದಲೇ ಹೇಳಬಹುದಿತ್ತು ಎಂದು ಮೋಹಿನಿಗೆ ಅನ್ನಿಸಿತು. ತಾನೂ ಕೇಳಬಹುದಿತ್ತು.

ದೀಪಾವಳಿಯ ಹೊತ್ತಿಗೆ ಸಂಘದ ಮನೆಗಳ ಹಿಂದಿನ ಸಾಲಿನಲ್ಲಿ ಒಂದು ಮನೆ ಖಾಲಿಯಾಗಿ ಅರ್ಪಿತಳಿಗೆ ಸಿಕ್ಕಿತು. ಪಶ್ಚಿಮದ ಬಾಗಿಲು, ಮುಂದೆ ಟ್ರಾನ್ಸ್‌ಫಾರ್ಮರು. ಗೃಹಪ್ರವೇಶಕ್ಕೆ ಅವಳು ಅಕ್ಕನನ್ನು ಕರೆಯಲಿಲ್ಲ. ದೇವಿರಮ್ಮನೇ ಫೋನು ಮಾಡಿ, "ಅವಳು ಕರೀದಿದ್ರೆ ನಾನ್ ಕರೀತಿವ್ನಿ. ಬಂದು ಕೆಲ್ಸ ಮಾಡು," ಎಂದಳು.

ಮೋಹಿನಿ ಬೆಳಿಗ್ಗೆಯೇ ಹೋಗಿ ಹಿತ್ತಲಿನಲ್ಲಿ ಅಕ್ಕಿ ತೊಳೆದಳು, ಎಲೆ ಒರೆಸಿದಳು. ಒಳಗೆ ಹೋದಾಗ ಅಡುಗೆ ಮನೆಯ ಕಪ್ಪು ಕಲ್ಲಿನ ಮೇಲೆ ಕೈ ಇಟ್ಟು ನೋಡಿದಳು. ಎದೆಯಲ್ಲಿ ಮತ್ತೆ ಅದೇ ಚುಚ್ಚು. ಹೋಗಿದೆ ಎಂದುಕೊಂಡದ್ದು ಹೋಗಿರಲಿಲ್ಲ. ಕೈ ತೆಗೆದು ಪಾತ್ರೆ ಎತ್ತಿಕೊಂಡು ಹೊರಗೆ ಬಂದಳು.

ಮಧ್ಯಾಹ್ನ ಪ್ರಿಯಾಂಕ ಬಂದಳು. ಅರ್ಪಿತ ಠಾಣೆಯಲ್ಲಿ ಎಲ್ಲರ ಮುಂದೆಯೇ ಅವಳ ಕ್ಷಮೆ ಕೇಳಿದ್ದಳಂತೆ. ಆದರೂ ಇಬ್ಬರೂ ಮೊದಲಿನ ಹಾಗೆ ಹೆಗಲ ಮೇಲೆ ಕೈ ಹಾಕಲಿಲ್ಲ. ಮೋಹಿನಿ ಪಾಯಸ ಬಡಿಸಿದಾಗ ಪ್ರಿಯಾಂಕ ಸಾಕು ಎಂದು ಎಲೆಗೆ ಕೈ ಅಡ್ಡ ಹಿಡಿದಳು.

ಕೊನೆಯ ಪಂಕ್ತಿ ಎದ್ದ ಮೇಲೆ ಅರ್ಪಿತ ಹಿತ್ತಲಿಗೆ ಬಂದಳು.

"ಉಂಡ್ಯಾ?"

"ಇನ್ನೂ ಇಲ್ಲ."

ಅರ್ಪಿತ ಒಂದು ಎಲೆ ಹಾಸಿ ನೀರು ಚಿಮುಕಿಸಿದಳು. ಅನ್ನ ಬಡಿಸಿ, ಸಾರು ಬಿಟ್ಟು, ಎದುರಿಗೆ ನಿಂತಳು.

"ನಾನು ಮರ್ತಿಲ್ಲ ಕಣಕ್ಕ," ಎಂದಳು.

"ಗೊತ್ತು."

"ಉಣ್ಣು. ಆರೋಯ್ತದೆ."

ಮೋಹಿನಿ ಸೆರಗು ಸಿಕ್ಕಿಸಿಕೊಂಡು ಕೂತು ಮೊದಲ ತುತ್ತು ಕಲಸಿದಳು. ಅರ್ಪಿತ ಒಳಗೆ ಹೋಗದೆ, ಅವಳು ಉಂಡು ಮುಗಿಸುವವರೆಗೆ ಗೋಡೆಗೆ ಒರಗಿ ಅಲ್ಲೇ ನಿಂತಿದ್ದಳು.