ಮುದ್ದೆಯ ಗುಳಿ

ಎಡಗಾಲಿನ ಹೆಬ್ಬೆರಳ ಮೇಲೆ ನೊಣ ಕೂತಿದೆ, ಕೂತಿದೆ ಅನ್ನುವುದು ಬೈರಣ್ಣನ ಕಣ್ಣಿಗೆ ಗೊತ್ತು, ಕಾಲಿಗೆ ಗೊತ್ತಿಲ್ಲ, ಬ್ಯಾಂಡೇಜಿನ ಅಂಚಿನಲ್ಲಿ ಎರಡೂ ಕೈ ಉಜ್ಜಿಕೊಳ್ಳುತ್ತಿದೆ, ಪಂಕ್ತಿಯಲ್ಲಿ ಕೂತವರ ಹಾಗೆ — ತಿನ್ನಪ್ಪಾ, ನಿನಗಾದರೂ ಹೊಟ್ಟೆಯಿದೆ. ಜಯನಗರ ನಾಲ್ಕನೇ ಬ್ಲಾಕಿನ ಕ್ಲಿನಿಕ್ಕು, ಎದುರಿಗೆ ತೂಕದ ಮೆಷಿನ್ನು, ಪಕ್ಕದ ಕುರ್ಚಿಯಲ್ಲಿ ಹೆಂಡತಿ ಸೊಣ್ಣಮ್ಮ, ಅವಳ ತೊಡೆಯ ಮೇಲೆ ಸ್ಟೀಲ್ ಕ್ಯಾರಿಯರು, ಅದರ ಮುಚ್ಚಳದ ಸಂದಿಯಿಂದ ರಾಗಿ ವಾಸನೆ. ಮೂಗಿಗೆ ವಾಸನೆ ಬರುತ್ತದೆ, ಹೊಟ್ಟೆಗೆ ಸುದ್ದಿ ಮುಟ್ಟುವುದಿಲ್ಲ, ಮಧ್ಯೆ ಎಲ್ಲೋ ಲೈನು ಕಟ್ಟಾಗಿದೆ. ಕಾಲಿನದೂ ಅದೇ ಕಥೆ, ಶುಗರ್ ಬಂದು ಕಾಲಿನ ಕರೆಂಟು ತೆಗೆದುಬಿಟ್ಟಿತು. ಯುಗಾದಿ ಹಿಂದಿನ ದಿನ ಮಡಿವಾಳ ಮಾರ್ಕೆಟ್ಟಿನಲ್ಲಿ ಚಪ್ಪಲಿ ಕಳಚಿ ಬಿದ್ದದ್ದು ಗೊತ್ತಾಗದೆ ಒಂದೇ ಚಪ್ಪಲಿಯಲ್ಲಿ ಬಿಟಿಎಂ ತನಕ ನಡೆದು ಬಂದ, ಗೇಟಿನಲ್ಲಿ ಬಾಡಿಗೆ ಮನೆಯ ನಿಂಗರಾಜ ನಿಂತಿದ್ದ, ಯಜಮಾನ್ರ, ಇನ್ನೊಂದ ಎಲ್ಲೈತ್ರೀ ಅಂದ, ಅದು ಹಿಂದೆ ನಿಧಾನಕ್ಕೆ ಬರ್ತಾ ಇದೆ ಬಿಡಪ್ಪಾ ಅಂದ ಬೈರಣ್ಣ, ಬಗ್ಗಿ ನೋಡಿದರೆ ಹೆಬ್ಬೆರಳಲ್ಲಿ ಮೊಳೆ, ಪಾಪ ಮೊಳೆ, ಅಷ್ಟು ದೂರ ಜೊತೆಗೆ ಬಂದರೂ ಮಾತಾಡಿಸದೆ ಕರಕೊಂಡು ಬಂದಿದ್ದ. ಆ ಗಾಯ ಇವತ್ತಿಗೂ ಒಣಗಿಲ್ಲ. ಹೋದ ಸಲ ಸರ್ಜನ್ನು ಅದನ್ನು ಪೆನ್ನಿನಿಂದ ಮುಟ್ಟಿ, ತೂಕ ಚೆನ್ನಾಗಿ ಇಳೀತಾ ಇತ್ತಲ್ಲ ಬೈರಣ್ಣೋರೆ, ಎರಡು ತಿಂಗಳಿಂದ ಯಾಕೆ ಏರ್ತಿದೆ, ಶುಗರೂ ಜೊತೆಗೆ ಏರ್ತಿದೆ, ಮುಂದಿನ ಸಲಕ್ಕೆ ಎರಡೂ ಇಳೀದಿದ್ರೆ ಈ ಬೆರಳು ತೆಗೀಬೇಕಾಗುತ್ತೆ, ಬೆರಳು ಹೋದ್ಮೇಲೆ ಪಾದದ ಗ್ಯಾರಂಟಿ ನಾನು ಕೊಡಲ್ಲ ಅಂದಿದ್ದರು. ಮುಂದಿನ ಸಲ ಅಂದರೆ ಇವತ್ತು. ಹೆದರಿಕೆ ಆಗಬೇಕಿತ್ತು, ಅದೂ ಆ ಚಪ್ಪಲಿ ಹೋದ ದಾರಿಯಲ್ಲೇ ಎಲ್ಲೋ ಬಿದ್ದುಹೋಗಿದೆ.

ಹೊಟ್ಟೆ ಅಂದರೆ ಅದು ಹೊಟ್ಟೆ. ಮದುವೆಯಾಗಿ ಮೊದಲ ಸಲ ಮಾವನ ಮನೆಗೆ ಹೋದಾಗ ಹದಿನಾಲ್ಕು ಮುದ್ದೆ, ಹದಿನೈದನೆಯದಕ್ಕೆ ರಾಗಿ ಬೀಸಿಸಲು ಕತ್ರಿಗುಪ್ಪೆ ಕಡೆ ಹೋದ ಮಾವ ಮರುದಿನ ಬಂದರು, ಅಲ್ಲಿಯ ತನಕ ಅಳಿಯ ಎಲೆ ಬಿಟ್ಟು ಎದ್ದಿರಲಿಲ್ಲ. ಆಗ ನೇಗಿಲ ಹಿಂದೆ ನಡೆಯುತ್ತಿದ್ದ, ತಿಂದ ಮುದ್ದೆ ಬೆವರಾಗಿ ಮಣ್ಣಿಗೆ ಹೋಗುತ್ತಿತ್ತು, ಆಮೇಲೆ ಹೊಲ ಹೋಗಿ ಸೈಟುಗಳಾಯಿತು, ಉಳಿದದ್ದರಲ್ಲಿ ಬಾಡಿಗೆ ಮನೆಗಳೆದ್ದವು, ನಡೆಯುವುದು ನಿಂತಿತು, ಮುದ್ದೆ ನಿಲ್ಲಲಿಲ್ಲ — ಹಿಂದೆ ಇವನು ಕೂತರೆ ಆಟೋ ಮುಂದಿನ ಚಕ್ರ ಎತ್ತಿ ನಮಸ್ಕಾರ ಮಾಡುತ್ತಿತ್ತು, ಒಬ್ಬ ಡ್ರೈವರು ಸಿಲ್ಕ್ ಬೋರ್ಡಿನ ತನಕ ಹ್ಯಾಂಡಲ್ ಮೇಲೆ ಮಲಗಿಕೊಂಡೇ ಓಡಿಸಿದ, ಅಣ್ಣಾ ವಾಪಸ್ ಬರೋವಾಗ ಲಾರೀಲಿ ಬಾಣ್ಣ ಅಂದ. ಹೋದ ಶ್ರಾವಣದಲ್ಲಿ ತೂಕ ಇಳಿಸುವ ಆಪರೇಷನ್ನು, ಹೊಟ್ಟೆಯ ಚೀಲದ ಮುಕ್ಕಾಲು ಭಾಗ ಕತ್ತರಿಸಿ ತೆಗೆದರು, ಸೊಣ್ಣಮ್ಮ ಬಾಗಿಲಲ್ಲಿ ನಿಂತು, ಕತ್ತರಿಸಿದ್ದನ್ನ ಕೊಡಿ ಸಾರ್, ಮನೆಗೆ ತಗೊಂಡೋಗ್ತೀವಿ, ನಮ್ಮೋರ್ದಲ್ವಾ, ಬಿಟ್ಟೋಗಕ್ಕಾಗುತ್ತಾ ಅಂದಳು. ಕೊಡಲಿಲ್ಲ. ಮನೆಗೆ ಬಂದಮೇಲೆ ಅವಳು ಅದೇ ದೊಡ್ಡ ಎಲೆ ಹಾಕಿದಳು, ಅದೇ ಗಾತ್ರದ ಮುದ್ದೆ, ನೆತ್ತಿಗೆ ಹೆಬ್ಬೆರಳು ಒತ್ತಿ ಸಾರಿಗೆ ಗುಳಿ ಮಾಡಿದಳು, ಆ ಗುಳಿಯ ಸುತ್ತ ಕಿತ್ತು ಎರಡು ತುತ್ತು ನುಂಗಿದ, ಸಾಕು ಅಂದ. ಮಾರನೇ ತಿಂಗಳು ಮಾರಲಾಮಿ ಬಂತು, ಸತ್ತವರಿಗೆ ಎಡೆ ಇಡುವ ಹಬ್ಬ, ಅಪ್ಪನ ಫೋಟೋ ಮುಂದೆ ತುಂಬಿದ ಎಲೆ, ಬೈರಣ್ಣನ ಮುಂದೆ ತುಂಬಿದ ಎಲೆ, ಊಟ ಮುಗಿದಾಗ ಎರಡೂ ಎಲೆ ಒಂದೇ ಥರ, ಕಾಗೆಗೆ ಎರಡರಲ್ಲಿ ಯಾವುದು ತನ್ನದು ಅಂತ ಗೊಂದಲವಾಯಿತು. ಹಸಿವಿಲ್ಲ ಕಣೇ ಅಂದ. ಹಸಿವಿಲ್ಲ ಅನ್ನೋರು ಈ ಮನೇಲಿ ಗೋಡೆ ಮೇಲಿರೋ ಮಾವ ಒಬ್ರೇ, ನೀವ್ಯಾಕೆ ಅವರ ಸಾಲಿಗೆ ಹೋಗ್ತೀರ, ನೀವು ಹಸ್ಕೊಂಡು ಎದ್ರೆ ನಾನೆಂಗೆ ಉಣ್ಣಲಿ — ಉಣ್ಣಲಿಲ್ಲ ಅವಳು. ಅವತ್ತೂ ಉಣ್ಣಲಿಲ್ಲ, ಆಮೇಲೂ ಒಂದು ಲೋಟ ಮಜ್ಜಿಗೆ ಕುಡಿದು ಮಲಗುವುದು, ಗಂಡನ ತೂಕ ಇಳಿಯಿತು, ಹೆಂಡತಿಯದೂ ಇಳಿಯಿತು, ಬಳೆಗಳು ಮೊಣಕೈ ತನಕ ಜಾರುತ್ತಿದ್ದವು, ಅವಳು ಅವುಗಳಿಗೆ ದಾರ ಕಟ್ಟಿಕೊಂಡಳು. ನೋಡುತ್ತಿದ್ದ ಬೈರಣ್ಣ. ನೋಡುವುದು ಬಿಟ್ಟರೆ ಒಳಗೆ ಬೇರೇನೂ ಓಡುತ್ತಿರಲಿಲ್ಲ.

ಆಮೇಲೆ ಒಂದು ದಿನ, ಮೊಳೆ ಚುಚ್ಚಿದ ಮೇಲೆ, ಅವಳು ಗುಳಿಗೆ ಸಾರು ಹಾಕಲಿಲ್ಲ, ತುಪ್ಪ ಹುಯ್ದು ಬೆಲ್ಲ ಕಿವುಚಿದಳು, ಒಳಗೆ ಹೋಗೋದೇ ಇಷ್ಟು ಜಾಗ, ಅಷ್ಟರಲ್ಲೇ ಎಲ್ಲಾ ಇಡ್ಬೇಕಲ್ವಾ, ಗಾಯ ಒಣಗೋಕೆ ಶಕ್ತಿ ಬೇಡ್ವಾ ಅಂದಳು, ಜಾರಿ ಒಳಗೆ ಹೋಯಿತು, ತುಂಬ್ತಾ ಅಂದಳು, ತುಂಬ್ತು ಅಂದ. ಆಮೇಲೆ ಜಗಲಿಯಲ್ಲಿ ಕೂತವನಿಗೆ ಅಡುಗೆಮನೆಯಿಂದ ಶಬ್ದ ಕೇಳಿತು, ಸೊಣ್ಣಮ್ಮ ಮುದ್ದೆ ನುಂಗುವ ಶಬ್ದ, ಗುಳುಕ್, ಇನ್ನೊಂದು ಗುಳುಕ್, ಆಪರೇಷನ್ ಆದಮೇಲೆ ಅವನ ಒಳಗೆ ಇಳಿದದ್ದು ಅಂತ ಏನಾದರೂ ಇದ್ದರೆ ಅದೊಂದೇ. ಅಲ್ಲಿಂದ ದಿನಕ್ಕೆ ಮೂರು ಸಲ ಗುಳಿ, ಮಧ್ಯೆ ಚೊಂಬು ಹಾಲನ್ನು ಅಂಗೈಯಷ್ಟಕ್ಕೆ ಬತ್ತಿಸಿದ ಕೆನೆ, ಅವನಿಗೆ ಗೊತ್ತು ತೂಕದ ಮುಳ್ಳು ಯಾಕೆ ಏರುತ್ತಿದೆ ಅಂತ, ಸರ್ಜನ್ನಿಗೆ ಗೊತ್ತಿಲ್ಲ — ಸಾರ್ ಬನ್ನಿ, ಮೆಷಿನ್ ಹತ್ತಿ ಅಂತಾಳೆ ಊಟದ ಪಥ್ಯ ನೋಡುವ ವಿಜಯಲಕ್ಷ್ಮಿ ಮೇಡಂ. ಹತ್ತಿದ. ಮುಳ್ಳು ಓಡಿ, ನಡುಗಿ, ಹೋದ ಸಲ ನಿಂತ ಜಾಗ ದಾಟಿ ನಿಂತಿತು. ಮತ್ತೆ ಏರಿದೆಯಲ್ಲ ಸಾರ್, ವಾಕ್ ಮಾಡ್ತೀರಾ? ಕಾಲು ಹಿಂಗಿದೆಯಲ್ಲ ಮೇಡಂ. ಬೇಳೆ, ಮೊಟ್ಟೆ ಮೊದಲು ತಿಂತೀರಾ, ನಿದ್ದೆ ಬರುತ್ತಾ, ಕುಡಿಯೋದ್ರಲ್ಲಿ ಸಕ್ಕರೆ ಇದೆಯಾ, ಆಪರೇಷನ್ ಅರ್ಧ ಕೆಲಸ ಅಷ್ಟೇ ಸಾರ್, ಇನ್ನರ್ಧ ಮನೇಲಿ, ಮನೆಯವರ ಸಪೋರ್ಟ್ ಇದೆಯಾ? ಬೇಕಾದಷ್ಟಿದೆ ಮೇಡಂ. ಸೊಣ್ಣಮ್ಮ ನಾಚಿ ಸೆರಗು ಸರಿಮಾಡಿಕೊಂಡಳು. ಮತ್ತೆ ಊಟ ಎಷ್ಟು ಸಾರ್? ಒಂದು ಗುಳಿಯಷ್ಟು. ಗುಳಿಗೆ ಏನ್ ಹಾಕ್ತೀರ? ತುಪ್ಪ, ಎರಡೇ ಅಕ್ಷರ, ಅಂದುಬಿಟ್ಟರೆ ಬೆರಳು ಉಳಿಯುತ್ತದೆ, ನಾಲಿಗೆಯ ತುದಿಗೆ ಬಂದು ನಿಂತಿದೆ, ಅಷ್ಟರಲ್ಲಿ ಕಣ್ಣು ಸೆರಗು ಹಿಡಿದ ಕೈಗೆ ಹೋಯಿತು, ದಾರವಿಲ್ಲ, ಬಳೆಗಳು ಮಣಿಕಟ್ಟಿನಲ್ಲೇ ನಿಂತಿವೆ, ಜಾರುತ್ತಿಲ್ಲ. ಸಾರು, ಮೇಡಂ. ಸೊಪ್ಪಿನ ಸಾರು.

ಒಂದ್ನಿಮಿಷ, ಡಾಕ್ಟರ್‌ಗೆ ಹೇಳ್ಬರ್ತೀನಿ ಅಂತ ಮೇಡಂ ಒಳಗೆ ಹೋದಳು, ಬಾಗಿಲು ಮುಚ್ಚಿತು, ಬಾಗಿಲಾಚೆ ಬೆರಳು, ಪಾದ ಅನ್ನುವ ಮಾತುಗಳು ಯಾರದೋ ಸಾಮಾನಿನ ಹಾಗೆ ಅತ್ತಿತ್ತ ಓಡಾಡುತ್ತಿವೆ. ಸೊಪ್ಪಿನ ಸಾರು ಅಂದದ್ದನ್ನು ಸೊಣ್ಣಮ್ಮ ಕೇಳಿಸಿಕೊಂಡಳೋ ಇಲ್ಲವೋ, ಕ್ಯಾರಿಯರಿನ ಕೊಕ್ಕೆ ಬಿಚ್ಚುತ್ತಿದ್ದಾಳೆ, ಕರೆಯೋದ್ರೊಳಗೆ ಒಂದ್ಗುಳಿ ಉಂಡ್ಬಿಡಿ, ಬೆಳಿಗ್ಗೆಯಿಂದ ಏನೂ ಇಲ್ಲ, ನಂಗೂ ಹೊಟ್ಟೆ ಹಸೀತಿದೆ. ಹಸೀತಿದೆ ಅನ್ನುತ್ತಾಳೆ ಅವಳು, ಎಷ್ಟು ಸಲೀಸಾಗಿ. ಕೆಳಗಿನ ಡಬ್ಬಿಯಲ್ಲಿ ಮುದ್ದೆ, ಇನ್ನೂ ಬಿಸಿ, ಅವಳ ಹೆಬ್ಬೆರಳು ನೆತ್ತಿಗೆ ಇಳಿಯಿತು, ತಿರುಗಿತು, ಎದ್ದಿತು, ಮೇಲಿನ ಡಬ್ಬಿಯಿಂದ ತುಪ್ಪ, ಅಂಚಿನ ತನಕ, ಅಂಚು ದಾಟದ ಹಾಗೆ, ಕೈ ಪಳಗಿದೆ. ಬೇಡ ಅನ್ನಬಹುದು. ಬೇಡ ಅಂದರೆ ಬಳೆಗೆ ಮತ್ತೆ ದಾರ. ನೊಣ ಕಾಲು ಬಿಟ್ಟು ಎದ್ದು ಅತ್ತ ಹೊರಟಿತು, ಅವಳು ಎಡಗೈಯಿಂದ ಅದನ್ನು ಓಡಿಸುತ್ತ ತುತ್ತು ಎತ್ತಿದಳು, ಇವನು ಬಾಯಿ ತೆರೆಯುವ ಮೊದಲೇ ಅವಳ ಬಾಯಿ ತೆರೆದುಕೊಂಡಿತು, ಆಮೇಲೆ ಇವನದೂ — ಗುಳಿ, ಗುಳಿಯ ತುಂಬ ತುಪ್ಪ, ತುಪ್ಪದ ಮೇಲೆ ನಡುಗುವ ಟ್ಯೂಬ್‌ಲೈಟು, ಚೆಲ್ಲುವುದಿಲ್ಲ, ಅಂಚಿನ ತನಕ, ಗುಳಿ