ಬಾಲ ಯಾವ ಕಡೆಗೆ

ಮಂಗಳನ ಚಿತ್ರ ಪರದೆಯ ಮೇಲೆ ಪಟ್ಟಿ ಪಟ್ಟಿಯಾಗಿ ಇಳಿಯುತ್ತಿತ್ತು. ಸಾಲ್ವೋರ್ ಕೂರಲಾರದೆ ನಿಂತೇ ಇದ್ದಳು. ಹಿಂದೆ ಅವಳ ಹಳೆಯ ಗುರು ಬ್ರಾಂದುರ್ ಒಣಮೀನಿಗೆ ಬೆಣ್ಣೆ ಸವರಿಕೊಂಡು ಮೆಲ್ಲುತ್ತಿದ್ದ. ಆ ಸದ್ದಿಗೇ ಅವಳಿಗೆ ಮೈ ಉರಿಯುತ್ತಿತ್ತು.

"ಕೂತ್ಕೋ ತಾಯಿ. ನೀನು ನಿಂತ ಮಾತ್ರಕ್ಕೆ ಕೆಸರೇನು ಲಾವಾ ಆಗಲ್ಲ," ಎಂದ.

"ಅದು ಯಾವತ್ತೂ ಕೆಸರಾಗಿರ್ಲಿಲ್ಲ ಬ್ರಾಂದುರ್."

ಜಗಳ ನಾಲ್ಕು ವರ್ಷದ್ದು. ಮಂಗಳನ ಆ ಬಯಲಿನಲ್ಲಿ ಸಾವಿರಾರು ಪುಟ್ಟ ದಿಬ್ಬಗಳು, ಪ್ರತಿಯೊಂದರ ನೆತ್ತಿಯಲ್ಲೂ ಒಂದು ಗುಳಿ. ನೆಲದಡಿಯ ಕೆಸರು ಉಕ್ಕಿ ಆದದ್ದು ಎಂದು ಅವನು. ಲಾವಾ ಹರಿದು ಹಿಮದ ನೆಲವನ್ನು ಮುಚ್ಚಿದಾಗ ಅಡಿಯ ಹಬೆ ಸಿಡಿದು ಆದದ್ದು ಎಂದು ಇವಳು. ಇವಳು ಮೀವಾತ್ನ್ ಸರೋವರದ ದಡದವಳು. ಅಲ್ಲಿ ಲಾವಾದಿಂದಾದ ಅಂಥವೇ ದಿಬ್ಬಗಳ ಮೇಲೆ ಕುರಿ ಮೇಯುತ್ತವೆ. ಅಚ್ಚಿಗೆ ಹೋಗಲಿರುವ ನಕ್ಷೆಯಲ್ಲಿ ಆ ಬಯಲಿಗೆ ಕೆಸರಿನ ಕಂದು ಬಣ್ಣವೋ, ಲಾವಾದ ಕೆಂಪೋ, ಇವತ್ತೇ ತೀರ್ಮಾನ. ಕಂದಾದರೆ ಅವಳ ದುಡಿಮೆಯೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ.

ಅವಳಿಗೆ ಬೇಕಾಗಿದ್ದದ್ದು ಬಾಲ. ಹರಿಯುವ ಲಾವಾದ ಮೇಲೆ ಹಾಲಿನ ಕೆನೆಯ ಹಾಗೆ ಪದರವೊಂದು ಹೆಪ್ಪುಗಟ್ಟುತ್ತದೆ. ಆ ಹೆಪ್ಪು ತನ್ನ ಮೇಲೆದ್ದ ದಿಬ್ಬಗಳನ್ನು ಹೊತ್ತು ತೇಲಿಕೊಂಡು ಮುಂದೆ ಹೋಗುತ್ತದೆ, ಕೆಳಗಿನ ಹಬೆ ಮಾತ್ರ ನಿಂತಲ್ಲೇ ಸಿಡಿಯುತ್ತಿರುತ್ತದೆ. ಹಾಗಾಗಿ ಲಾವಾ ಹೋದ ದಿಕ್ಕಿಗೆ ಹಳೆಯ ದಿಬ್ಬಗಳ ಸಾಲೊಂದು ಬಾಲದಂತೆ ಉಳಿಯಬೇಕು. ಕೆಸರಿಗೆ ಬಾಲವಿಲ್ಲ. ಅದನ್ನು ನೋಡಲೆಂದೇ ಅವಳು ಮಂಗಳನನ್ನು ಸುತ್ತುವ ನೌಕೆಯ ಅತಿ ಸೂಕ್ಷ್ಮ ಕ್ಯಾಮೆರಾವನ್ನು ಅತ್ತ ತಿರುಗಿಸಲು ಕಂಡಕಂಡವರನ್ನು ಕಾಡಿದ್ದಳು.

ಕೊನೆಯ ಪಟ್ಟಿ ಇಳಿಯಿತು. ಅವಳು ಹಿಗ್ಗಿಸಿದಳು.

"ಬಾಲ! ಬ್ರಾಂದುರ್, ಬಾಲ ಇದೆ! ನೋಡು, ಇದಕ್ಕೂ ಇದೆ, ಇದಕ್ಕೂ!" ಕುರ್ಚಿ ಉರುಳಿದ್ದು ಅವಳಿಗೆ ಗೊತ್ತೇ ಆಗಲಿಲ್ಲ.

ಬ್ರಾಂದುರ್ ಮೊಲಕ್ಕೆ ಮೂರೇ ಕಾಲು ಎನ್ನುವ ಜಾತಿ. ಕನ್ನಡಕ ತೆಗೆದು ಸ್ವೆಟರಿಗೆ ಒರೆಸಿ, ಮತ್ತೆ ಹಾಕಿಕೊಂಡು ತುಂಬ ಹೊತ್ತು ನೋಡಿದ. ಮೆಲ್ಲುವುದು ನಿಂತಿತ್ತು.

"ಸರಿ, ಕೆಂಪೇ ಹಚ್ಚು," ಎಂದ. "ನಿಮ್ಮೂರ ಕುರಿಗಳಿಗೆ ನನ್ನ ನಮಸ್ಕಾರ ಹೇಳು. ಹೋಗಿ ಎಲ್ರಿಗೂ ಹೇಳಿ ಬರ್ತೀನಿ, ಮುದುಕ ಸೋತ ಅಂತ."

ಅವನು ಬಾಗಿಲ ಕಡೆ ನಡೆದ. ಸಾಲ್ವೋರಳಿಗೆ ಕುಣಿಯುವಷ್ಟು ಸಂತೋಷ. ಇನ್ನೊಮ್ಮೆ ಕಣ್ತುಂಬ ನೋಡೋಣವೆಂದು ಬಗ್ಗಿದವಳು ಹಾಗೇ ನಿಂತಳು. ಬಾಲಗಳೆಲ್ಲ ಮೇಲಕ್ಕೆ, ಉತ್ತರಕ್ಕೆ ಹೋಗಿದ್ದವು. ಅವಳ ನಕ್ಷೆಯಲ್ಲಿ ಲಾವಾ ಉತ್ತರದಿಂದ ದಕ್ಷಿಣಕ್ಕೆ ಹರಿದಿತ್ತು.

ಚಿತ್ರ ತಲೆಕೆಳಗಾಗಿರಬೇಕು, ಅಷ್ಟೇ. ನೆರಳು ನೋಡಿದಳು. ನೌಕೆ ಹಾಯುವುದು ಅಲ್ಲಿನ ಮಧ್ಯಾಹ್ನದ ಮೇಲೆ, ಸೂರ್ಯ ಎಡಕ್ಕೆ, ಪಶ್ಚಿಮಕ್ಕೆ ಇಳಿದಿರುವಾಗ. ನೆರಳು ಬಲಕ್ಕೆ ಬೀಳಬೇಕು. ಬಲಕ್ಕೇ ಬಿದ್ದಿತ್ತು. ಚಿತ್ರ ಸರಿಯಾಗಿಯೇ ಇತ್ತು.

ಸುಮ್ಮನಿದ್ದರೆ ಇವತ್ತಿನ ಗೆಲುವು ಪೂರ್ತಿ ಅವಳದೇ. ಆದರೆ ಅವಳಿಗೆ ನಗು ಉಕ್ಕಿ ಬಂತು.

"ಬ್ರಾಂದುರ್, ನಿಲ್ಲು! ನಾನೂ ತಪ್ಪು!"

"ತಪ್ಪಾದ್ರೆ ಯಾರಾದ್ರೂ ಹೀಗೆ ನಗ್ತಾರೇನೇ?"

"ಲಾವಾ ಉಕ್ಕಿದ ಬಾಯಿ ಉತ್ತರದಲ್ಲಿ ಸಿಗ್ಲೇ ಇಲ್ವಲ್ಲ! ಬಾಯಿಲ್ಲದ ಲಾವಾ, ತಾಯಿಲ್ಲದ ಮಗು ಅಂತ ಎಲ್ರ ಮುಂದೆ ಆಡ್ಕೊಂಡೆ ನೀನು. ತಾಯಿ ಉತ್ತರದಲ್ಲಿ ಇದ್ರೆ ತಾನೆ ಸಿಗೋಕೆ? ದಕ್ಷಿಣದಲ್ಲಿದಾಳೆ!"

ಅವನು ಓಡುವಂತೆಯೇ ಬಂದ. "ದಕ್ಷಿಣದ ಹಳೇ ಚಿತ್ರ ತೆಗಿ. ಎಷ್ಟು ಮಸುಕಾದ್ರೂ ಪರವಾಗಿಲ್ಲ, ತೆಗಿ ತೆಗಿ!"

ನಕ್ಷೆಯ ಗಡಿಯಾಚೆ ಏನಿದೆಯೆಂದು ಇಬ್ಬರೂ ಇಷ್ಟು ದಿನ ಇಣುಕಿಯೂ ನೋಡಿರಲಿಲ್ಲ. ಜಗಳದಲ್ಲಿ ಪುರುಸೊತ್ತೆಲ್ಲಿತ್ತು? ಮಸುಕು ಚಿತ್ರ ತೆರೆಯಿತು. ಅದರ ನಡುವೆ ತೆಳ್ಳಗೆ ಒಂದು ಬಿರುಕು, ಲಾವಾ ಉಕ್ಕುವ ಬಾಯಿಯಂತೆ.

"ನಿನ್ನ ಬರಹ ಅರ್ಧ ಹರಿದು ಹಾಕ್ಬೇಕಾಗತ್ತಲ್ಲೇ," ಎಂದ ಬ್ರಾಂದುರ್, ಪಿಸುಮಾತಿನಲ್ಲಿ.

"ಹರಿಯೋಣ ಬಿಡು."

ಅವನು ಬಿದ್ದ ಕುರ್ಚಿಯನ್ನು ಎತ್ತಿ ಅವಳ ಪಕ್ಕಕ್ಕೆ ಎಳೆದುಕೊಂಡು ಕೂತ. ಬೆಣ್ಣೆಯ ಬೆರಳನ್ನು ಗಾಜಿಗೆ ತಾಗಿಸಿಯೇ ಬಿಟ್ಟ. ಬೇರೆ ದಿನವಾಗಿದ್ದರೆ ಅವಳು ಬೈಯುತ್ತಿದ್ದಳು. ಅವಳೂ ಪಕ್ಕದಲ್ಲೇ ತನ್ನ ಬೆರಳಿಟ್ಟಳು. ಎರಡು ಬೆರಳೂ ಬಿರುಕಿನ ಗುಂಟ ಕೆಳಕೆಳಗೆ ಹೋಗಿ ಪರದೆಯ ಅಂಚಿನಲ್ಲಿ ನಿಂತವು. ಬಿರುಕು ಇನ್ನೂ ಮುಗಿದಿರಲಿಲ್ಲ.