ತುರಿಕೆ ಹತ್ತಿದ ಮನೆ

ಐವತ್ತೊಂಬತ್ತನೆಯ ಇಸವಿಯ ಮಾತು. ಜಯನಗರದಲ್ಲಿ ಬಾಡಿಗೆಗಿದ್ದ ಗುರುಬಸಪ್ಪ ಸರ್ವೆ ಗುಮಾಸ್ತರು. ಆ ದಿನ ಕತ್ರಿಗುಪ್ಪೆಯಾಚೆ ಪೊದೆಗಳ ನಡುವೆ ಜಮೀನು ಅಳೆಸಿ, ಮಧ್ಯಾಹ್ನ ಸೈಕಲ್ ತುಳಿದು ಬರುವಾಗಲೇ ಅವರ ಕತ್ತು ತುರಿಸತೊಡಗಿತ್ತು. ಮನೆ ತಲುಪುವಷ್ಟರಲ್ಲಿ ಎರಡೂ ತೋಳುಗಳಲ್ಲಿ ಕೆಂಪು ದದ್ದುಗಳೆದ್ದಿದ್ದವು.

ಹಿಂದಿನ ವಾರವಷ್ಟೇ ಪಕ್ಕದ ಬೀದಿಯವರೊಬ್ಬರನ್ನು ಸಿಡುಬೆಂದು ವ್ಯಾನಿನಲ್ಲಿ ಕರೆದೊಯ್ದಿದ್ದರು. ಅವರು ಹಿಂತಿರುಗಿರಲಿಲ್ಲ. ತಮಗೂ ಅದೇ ತಗುಲಿತೆಂದುಕೊಂಡರು ಗುರುಬಸಪ್ಪನವರು. ಮನೆಯೊಳಗೆ ಕಾಲಿಡದೆ ಹಿತ್ತಲ ಸೌದೆ ಕೋಣೆ ಹೊಕ್ಕು ಅಗುಳಿ ಹಾಕಿಕೊಂಡರು. ಹತ್ತಿರ ಬರಬೇಡ, ಮಗಳು ಸ್ಕೂಲಿಂದ ಬಂದ ಕೂಡಲೇ ಅವಳನ್ನು ಕರೆದುಕೊಂಡು ತುಮಕೂರಿಗೆ ಹೊರಟುಬಿಡು ಎಂದು ಹೆಂಡತಿ ಸಿದ್ದಗಂಗಮ್ಮನಿಗೆ ಒಳಗಿನಿಂದಲೇ ಹೇಳಿದರು. ಹೇಳುತ್ತಲೇ ಕೆರೆದುಕೊಳ್ಳುತ್ತಿದ್ದರು. ಕೆರೆಯುವಷ್ಟು ಹೊತ್ತು ಹಾಯೆನಿಸುತ್ತಿತ್ತು, ಕೈ ತೆಗೆದರೆ ಎರಡರಷ್ಟು.

"ಬಾಗಿಲು ತೆಗೀರಿ," ಎಂದಳು ಸಿದ್ದಗಂಗಮ್ಮ.

"ಬೇಡ ಕಣೇ, ನಿನಗೂ ಅಂಟುತ್ತೆ."

"ಅಂಟಿದ್ರೆ ಅಂಟ್ಲಿ. ತೆಗೀರಿ."

ಒಳಬಂದವಳು ಅವರ ತೋಳು ತಿರುಗಿಸಿ ನೋಡಿ, ಸೌದೆಯ ಮೇಲೆ ಪಕ್ಕದಲ್ಲೇ ಕೂತಳು. ಕಾಲು ಗಂಟೆಯಲ್ಲಿ ಅವಳ ಮೊಣಕೈ ತುರಿಸಿತು, ಆಮೇಲೆ ಸೊಂಟ. ಹಿತ್ತಲ ಗೋಡೆಯ ಮೇಲಿಂದ ಇಣುಕಿದ ಪಕ್ಕದ ಮನೆ ನಾರಾಯಣಮ್ಮ ಡಾಕ್ಟರನ್ನು ಕರೆತರಲು ಹೊರಟಾಗ ಆಕೆಯೂ ಪರಪರನೆ ತಲೆ ಕೆರೆದುಕೊಳ್ಳುತ್ತಿದ್ದರು. ರೋಗ ಗೋಡೆ ದಾಟಿ ಹಬ್ಬಿತೆಂದುಕೊಂಡರು ಗಂಡಹೆಂಡಿರು. ಮಗಳನ್ನು ಇನ್ನು ಯಾರು ನೋಡಿಕೊಳ್ಳುತ್ತಾರೆಂದು ಸಿದ್ದಗಂಗಮ್ಮ ಮೆಲ್ಲಗೆ ಕೇಳಿದಳು.

ಡಾಕ್ಟರ್ ಕಮಲಾದೇವಿ ಮೂಗಿಗೆ ಕರ್ಚೀಫು ಕಟ್ಟಿಕೊಂಡೇ ಬಂದರು. ಜ್ವರವಿಲ್ಲವೆಂದು ನೋಡಿ, ಬೆಳಿಗ್ಗೆ ಎಲ್ಲೆಲ್ಲಿ ಹೋಗಿದ್ದಿರೆಂದು ವಿಚಾರಿಸಿದರು. ಕಳಚಿಟ್ಟ ಅಂಗಿಯನ್ನು ಕೋಲಿನಿಂದೆತ್ತಿ ಬಿಸಿಲಿಗೆ ಹಿಡಿದು ಭೂತಗನ್ನಡಿಯಲ್ಲಿ ನೋಡಿದರು. ಅಂಗಿಯ ತೋಳಿನ ತುಂಬ ಹೊಂಬಣ್ಣದ ಸಣ್ಣ ಕೂದಲು.

"ನಸುಗುನ್ನಿ ಪೊದೆಗೆ ನುಗ್ಗಿದೀರಿ. ಈ ಕೂದಲು ಆ ಕಾಯಿ ಮೇಲಿನ ಸುಂಕು, ಚರ್ಮಕ್ಕೆ ಚುಚ್ಚಿಕೊಂಡಿದೆ. ಕೆರೆದ್ರೆ ನೋವಾಗುತ್ತೆ, ಆ ನೋವು ಸ್ವಲ್ಪ ಹೊತ್ತು ತುರಿಕೆನ ಮುಚ್ಚುತ್ತೆ, ಅಷ್ಟೇ. ಸುಂಕು ಮಾತ್ರ ಇನ್ನೂ ಒಳಗೆ ಹೋಗುತ್ತೆ."

ಸಿದ್ದಗಂಗಮ್ಮನ ಮೈಮೇಲೆ ಒಂದು ದದ್ದೂ ಇರಲಿಲ್ಲ. "ಮತ್ತೆ ನನಗ್ಯಾಕೆ ತುರಿಸ್ತಿದೆ?"

"ಅವರು ಕೆರೆಯೋದನ್ನ ನೋಡಿದ್ರಲ್ಲ, ಅದಕ್ಕೆ. ತುರಿಕೆ ಕಣ್ಣಿಂದಲೂ ಹತ್ತುತ್ತೆ ಕಣಮ್ಮ. ಕಾಯಿಲೆ ಅಲ್ಲ," ಎಂದ ಡಾಕ್ಟರು ಸ್ಟೆತಸ್ಕೋಪಿನ ತುದಿಯಿಂದ ಕಿವಿಯ ಹಿಂದೆ ಕೆರೆದುಕೊಂಡು, ಅದು ಅರಿವಿಗೆ ಬಂದು ಕೈ ಇಳಿಸಿದರು.

ರಾಗಿ ಹಿಟ್ಟನ್ನು ಅಂಟಾಗಿ ಕಲಸಿ ಮೈಗೆ ಒತ್ತಿ ಒತ್ತಿ ತೆಗೆಯಬೇಕೆಂದು ಹೇಳಿಹೋದರು. ಸಿದ್ದಗಂಗಮ್ಮ ಕಲಸಿ ತಂದು ಕೂತಳು. ಉಂಡೆಗೆ ಸುಂಕು ಅಂಟಿ ಬರತೊಡಗಿತು. ಗುರುಬಸಪ್ಪನವರು ಕೇಳಿದರು.

"ಸಿಡುಬೇ ಆಗಿದ್ದಿದ್ರೆ ಏನ್ಮಾಡ್ತಿದ್ದೆ?"

ಅವಳು ತಲೆಯೆತ್ತಲಿಲ್ಲ. "ಆ ಕೈ ಕೊಡಿ," ಎಂದಳು.